‘ವೃತ್ತ’: ಒಂದು ಪಾರಿಭಾಷಿಕ ಪದದ ಅರ್ಥಸಂಚಾರ

ಶಾಸ್ತ್ರಗಳಲ್ಲಿ ಬಳಕೆಯಾಗುವ ಪದಕ್ಕೆ ಖಚಿತವಾದ ಒಂದೇ ಅರ್ಥವಿರುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ. ಒಂದು ಶಾಸ್ತ್ರದ ಎಲ್ಲೆಯೊಳಗೆ ನಿಂತು ನೋಡಿದಾಗ ಈ ನಂಬಿಕೆ ಬಹುಮಟ್ಟಿಗೆ ನಿಜ. ಆದರೆ ಒಂದೇ ಪದ ಹಲವು ಶಾಸ್ತ್ರಗಳಲ್ಲಿ ಪರಿಭಾಷೆಯಾಗಿ ನೆಲೆಗೊಂಡಾಗ, ಅಲ್ಲಿಂದ ಲೋಕವ್ಯವಹಾರಕ್ಕೂ ಇಳಿದಾಗ, ಸಮಸ್ಯೆ ಜಟಿಲವಾಗುತ್ತದೆ. ಕನ್ನಡದಲ್ಲಿ ‘ವೃತ್ತ’ ಅಂಥದೊಂದು ಪದ. ಪ್ರೌಢಶಾಲೆಯ ಗಣಿತದ ಪುಸ್ತಕದಲ್ಲಿ ಅದು ಒಂದು ಕೇಂದ್ರಬಿಂದುವಿನಿಂದ ಸಮದೂರದಲ್ಲಿರುವ ಬಿಂದುಗಳಿಂದಾದ ರೇಖೆ. ಹಳಗನ್ನಡ ಕಾವ್ಯದ ತರಗತಿಯಲ್ಲಿ ಅದೇ ಮಾತು ಉತ್ಪಲಮಾಲೆ, ಚಂಪಕಮಾಲೆಗಳಂಥ ಪದ್ಯಜಾತಿಯ ಹೆಸರು. ಪೊಲೀಸ್ ಕಚೇರಿಯ ಫಲಕದಲ್ಲಿ ಅದು ಒಬ್ಬ ಅಧಿಕಾರಿಯ ಅಧಿಕಾರವ್ಯಾಪ್ತಿ. ನಗರದಲ್ಲಿ ನಾಲ್ಕು ರಸ್ತೆಗಳು ಕೂಡುವ ಸ್ಥಳ. ‘ಸದ್ವೃತ್ತ’ ಎಂಬಲ್ಲಿ ಅದು ನಡತೆ, ‘ವೃತ್ತಾಂತ’ ಎಂಬಲ್ಲಿ ನಡೆದ ಸಂಗತಿ.

ಇವೆಲ್ಲ ಒಂದೇ ಪದದ ಬೇರೆ ಬೇರೆ ಮುಖಗಳೇ, ಅಥವಾ ಉಚ್ಚಾರಣೆಯಲ್ಲಿ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ? ಒಂದು ಕ್ಷೇತ್ರದ ಅರ್ಥವನ್ನು ಮತ್ತೊಂದು ಕ್ಷೇತ್ರಕ್ಕೆ ಒಯ್ಯುವುದು ಎಲ್ಲಿ ಸಾಧು, ಎಲ್ಲಿ ಅಸಾಧು? ಪ್ರಾಚೀನ ಕೃತಿಗಳನ್ನು ಓದುವ ವಿದ್ಯಾರ್ಥಿಗೂ, ನಿಘಂಟನ್ನು ರಚಿಸುವವರಿಗೂ, ಹೊಸ ವಿಜ್ಞಾನಕ್ಕೆ ಕನ್ನಡ ಪದಗಳನ್ನು ಗೊತ್ತುಪಡಿಸುವವರಿಗೂ ಈ ಪ್ರಶ್ನೆ ಪ್ರಸ್ತುತವಾದುದು. ಕರ್ನಾಟಕದ ಹೊರಗೆ ಕನ್ನಡವನ್ನು ಓದುವವರಿಗಂತೂ ಇದು ನಿತ್ಯದ ಪ್ರಶ್ನೆ. ಅವರ ಸುತ್ತಲಿನ ಭಾಷೆಗಳಲ್ಲಿಯೂ ಇದೇ ಪದ ಬೇರೆ ಬೇರೆ ಅರ್ಥಗಳಲ್ಲಿ ಓಡಾಡುತ್ತಿರುತ್ತದೆ.

1. ಧಾತು ಮತ್ತು ಕೋಶ

‘ವೃತ್ತ’ ಸಂಸ್ಕೃತದ ‘ವೃತ್’ ಧಾತುವಿನಿಂದ ಬಂದ ಭೂತಕೃದಂತ. ತಿರುಗು, ಸಾಗು, ಇರು, ನಡೆ ಎಂಬ ಅರ್ಥಗಳು ಆ ಧಾತುವಿಗೆ ಇವೆ. ಆದ್ದರಿಂದ ‘ವೃತ್ತ’ ಎಂದರೆ ಮೂಲತಃ ‘ತಿರುಗಿದ್ದು’ ಅಥವಾ ‘ನಡೆದದ್ದು’. ತಿರುಗಿದ್ದು ಎಂಬ ಅರ್ಥದಿಂದ ದುಂಡಗಿನ ಆಕಾರ ಬರುತ್ತದೆ. ನಡೆದದ್ದು ಎಂಬ ಅರ್ಥದಿಂದ ಕಳೆದುಹೋದ ಸಂಗತಿಯೂ, ನಡೆದುಕೊಂಡ ಬಗೆಯೂ ಬರುತ್ತವೆ. ಕನ್ನಡದ ‘ನಡೆ’ ಎಂಬ ಕ್ರಿಯಾಪದದಿಂದಲೂ ‘ನಡೆದ ಸಂಗತಿ’, ‘ನಡತೆ’, ‘ಪದ್ಯದ ನಡೆ’ ಎಂಬ ಮೂರು ಅರ್ಥಗಳು ಹೊರಟಿರುವುದನ್ನು ಗಮನಿಸಿದರೆ ಈ ಕವಲುಗಳು ಅಸಹಜವೆನಿಸುವುದಿಲ್ಲ.

ಅಮರಸಿಂಹನ ಕೋಶದಲ್ಲಿ ಈ ಕವಲುಗಳು ಆಗಲೇ ಸ್ಪಷ್ಟವಾಗಿವೆ. ನಾನಾರ್ಥವರ್ಗದಲ್ಲಿ ಅವನು ‘ವೃತ್ತ’ಕ್ಕೆ ಪದ್ಯ, ಚರಿತ್ರೆ ಎಂಬ ಎರಡು ಅರ್ಥಗಳನ್ನು ನಾಮಪದವಾಗಿಯೂ, ಕಳೆದದ್ದು, ದೃಢವಾದದ್ದು, ದುಂಡಾದದ್ದು ಎಂಬ ಮೂರನ್ನು ವಿಶೇಷಣವಾಗಿಯೂ ಹೇಳುತ್ತಾನೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕೋಶಕಾರನ ದೃಷ್ಟಿಯಲ್ಲಿ ಪದ್ಯವು ‘ವೃತ್ತ’ವೆಂಬ ವಸ್ತು, ದುಂಡುತನವಾದರೋ ಬೇರೊಂದು ವಸ್ತುವಿಗೆ ಇರುವ ಗುಣ. ಇಂದಿನ ವಿದ್ಯಾರ್ಥಿಗೆ ಮೊದಲು ಹೊಳೆಯುವ ಅರ್ಥ ರೇಖಾಗಣಿತದ್ದು. ಅಮರಕೋಶದಲ್ಲಿ ಅದು ಕೊನೆಯಲ್ಲಿ ಬರುತ್ತದೆ. ಇನ್ನೊಂದೆಡೆ ಅಮರಸಿಂಹ ‘ವರ್ತುಲ’, ‘ನಿಸ್ತಲ’, ‘ವೃತ್ತ’ ಎಂಬ ಮೂರನ್ನೂ ಪರ್ಯಾಯಪದಗಳನ್ನಾಗಿ ಕೊಡುತ್ತಾನೆ. ಇವುಗಳಲ್ಲಿ ಯಾವುದನ್ನು ಪರಿಭಾಷೆಯಾಗಿ ಆರಿಸಿಕೊಳ್ಳಬೇಕೆಂಬುದನ್ನು ಮುಂದೆ ಬೇರೆ ಬೇರೆ ಭಾಷೆಗಳು ಬೇರೆ ಬೇರೆಯಾಗಿ ತೀರ್ಮಾನಿಸಿದವು.

ಈ ಬಹ್ವರ್ಥತೆಯನ್ನು ಸಂಸ್ಕೃತ ಕವಿಗಳು ತೊಡಕೆಂದು ಭಾವಿಸದೆ ಸಂಪತ್ತೆಂದು ಬಳಸಿಕೊಂಡರು. ‘ಸುವೃತ್ತ’ ಎಂಬ ಒಂದೇ ವಿಶೇಷಣ ಮುತ್ತಿಗೆ ಹತ್ತಿದಾಗ ಚೆನ್ನಾಗಿ ದುಂಡಾದುದು, ಸಜ್ಜನನಿಗೆ ಹತ್ತಿದಾಗ ಒಳ್ಳೆಯ ನಡತೆಯುಳ್ಳವನು, ಕಾವ್ಯಕ್ಕೆ ಹತ್ತಿದಾಗ ಒಳ್ಳೆಯ ಛಂದಸ್ಸುಳ್ಳದ್ದು. ಶ್ಲೇಷೆಗೆ ಒದಗಿದ್ದೇ ಶಾಸ್ತ್ರದಲ್ಲಿ ಸಂದಿಗ್ಧವಾಗಬಹುದು. ಹಾಗಾಗದಂತೆ ಆಯಾ ಶಾಸ್ತ್ರಗಳು ಏನು ಮಾಡಿದವು ಎಂಬುದನ್ನು ಮೊದಲು ನೋಡಬೇಕು.

2. ಕ್ಷೇತ್ರಗಣಿತದಲ್ಲಿ

ಭಾರತದ ಅತ್ಯಂತ ಹಳೆಯ ರೇಖಾಗಣಿತವಿರುವುದು ಯಜ್ಞವೇದಿಕೆಗಳ ರಚನೆಯನ್ನು ವಿವರಿಸುವ ಶುಲ್ಬಸೂತ್ರಗಳಲ್ಲಿ. ಚೌಕವನ್ನು ಅದೇ ವಿಸ್ತೀರ್ಣದ ದುಂಡು ಆಕೃತಿಯಾಗಿ ಮಾರ್ಪಡಿಸುವ ವಿಧಾನವನ್ನು ಬೌಧಾಯನ ಹೇಳುವಾಗ ದುಂಡಿಗೆ ಬಳಸುವ ಮಾತು ‘ಮಂಡಲ’; ‘ವೃತ್ತ’ವಲ್ಲ. ‘ವೃತ್ತ’ ಪ್ರಧಾನ ಪರಿಭಾಷೆಯಾಗಿ ನೆಲೆನಿಂತದ್ದು ಸಿದ್ಧಾಂತ ಗ್ರಂಥಗಳ ಕಾಲದಲ್ಲಿ. ಖಗೋಳಶಾಸ್ತ್ರದಲ್ಲಿ ಕ್ರಾಂತಿವೃತ್ತ, ಕಕ್ಷಾವೃತ್ತ, ನೀಚೋಚ್ಚವೃತ್ತ ಮೊದಲಾದ ಮಾತುಗಳು ರೂಢಿಗೆ ಬಂದವು. ಅಲ್ಲಿ ವೃತ್ತವೆಂದರೆ ಗ್ರಹಗತಿಯ ಲೆಕ್ಕಕ್ಕಾಗಿ ಆಕಾಶದಲ್ಲಿ ಕಲ್ಪಿಸಿಕೊಂಡ ರೇಖೆ. ಭೂಮಿಯ ಮೇಲಿನ ಕ್ಷೇತ್ರಗಣಿತದಲ್ಲಾದರೋ ವೃತ್ತವೆಂದರೆ ಅಳೆಯಬೇಕಾದ ಒಂದು ಜಾಗ, ಒಂದು ‘ಕ್ಷೇತ್ರ’. ಇಂದಿನ ಗಣಿತ ಅಂಚಿನ ರೇಖೆಯನ್ನೂ ಅದು ಸುತ್ತುವರಿದ ಪ್ರದೇಶವನ್ನೂ ಬೇರೆ ಬೇರೆಯೆಂದು ಎಣಿಸುತ್ತದೆ. ಹಳೆಯ ಪರಿಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು ಸಲ್ಲುತ್ತಿತ್ತು.

ಕನ್ನಡ ನಾಡಿಗೆ ನೇರವಾಗಿ ಸಂಬಂಧಿಸಿದ ಗ್ರಂಥ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಕೃತಿಯ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಕ್ಷೇತ್ರಗಣಿತದ ಪ್ರಕರಣದಲ್ಲಿ ಮಹಾವೀರ ತ್ರಿಭುಜಗಳನ್ನು ಮೂರು, ಚತುರ್ಭುಜಗಳನ್ನು ಐದು, ವೃತ್ತಗಳನ್ನು ಎಂಟು ವಿಧವಾಗಿ ವಿಂಗಡಿಸುತ್ತಾನೆ. ಸಮವೃತ್ತ, ಅರ್ಧವೃತ್ತ, ಆಯತವೃತ್ತ, ಕಂಬುಕಾವೃತ್ತ, ನಿಮ್ನವೃತ್ತ, ಉನ್ನತವೃತ್ತ, ಬಹಿಶ್ಚಕ್ರವಾಲವೃತ್ತ, ಅಂತಶ್ಚಕ್ರವಾಲವೃತ್ತ ಎಂಬುವು ಆ ಎಂಟು.

ಈ ಪಟ್ಟಿಯನ್ನು ಇಂದಿನ ಅರ್ಥದಲ್ಲಿ ಓದಿದರೆ ಗೊಂದಲವಾಗುವುದು ಖಂಡಿತ. ಆಯತವೃತ್ತವೆಂದರೆ ನೀಳವಾದ ದುಂಡು. ಇಂದಿನ ಪಠ್ಯಪುಸ್ತಕಗಳು ಅದನ್ನು ದೀರ್ಘವೃತ್ತ ಎನ್ನುತ್ತವೆ. ಕಂಬುಕಾವೃತ್ತ ಶಂಖದ ಆಕಾರದ್ದು. ನಿಮ್ನವೃತ್ತ ಹೋಮಕುಂಡದಂತೆ ತಗ್ಗಾದುದು, ಉನ್ನತವೃತ್ತ ಆಮೆಯ ಬೆನ್ನಿನಂತೆ ಉಬ್ಬಿದುದು. ಕೊನೆಯ ಎರಡು ದುಂಡಿನ ಹೊರಗೆ ಅಥವಾ ಒಳಗೆ ಅಂಚುಗಟ್ಟಿದ ಬಳೆಯಾಕಾರಗಳು. ಎಂದರೆ ಮಹಾವೀರನಿಗೆ ‘ವೃತ್ತ’ವೆಂಬುದು ಬಾಗಿದ ಅಂಚುಳ್ಳ ಆಕೃತಿಗಳ ಇಡೀ ಕುಲದ ಹೆಸರು. ಇಂದು ‘ವೃತ್ತ’ ಎನಿಸಿಕೊಳ್ಳುವುದು ಆ ಕುಲದ ಒಂದು ಪ್ರಭೇದ ಮಾತ್ರ; ಅವನ ಮಾತಿನಲ್ಲಿ ಅದು ‘ಸಮವೃತ್ತ’. ಗಣಿತವೆಂಬ ಒಂದೇ ಶಾಸ್ತ್ರದೊಳಗೂ ಪದದ ಅರ್ಥ ಕಾಲಕ್ರಮದಲ್ಲಿ ಕುಲದಿಂದ ಪ್ರಭೇದಕ್ಕೆ ಸಂಕೋಚಗೊಂಡಿದೆ.

ಸಮವೃತ್ತದ ಅಳತೆಗೆ ಮಹಾವೀರ ಎರಡು ಬಗೆಯ ನಿಯಮಗಳನ್ನು ಕೊಡುತ್ತಾನೆ. ಸ್ಥೂಲವಾದ ವ್ಯವಹಾರಕ್ಕೆ ವ್ಯಾಸದ ಮೂರರಷ್ಟು ಪರಿಧಿ. ಸೂಕ್ಷ್ಮಗಣನೆಗೆ ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಬೇಕು. ವ್ಯಾಸ 100 ಮಾರು ಇದ್ದರೆ ಮೊದಲನೆಯದರಂತೆ ಪರಿಧಿ 300 ಮಾರು, ಎರಡನೆಯದರಂತೆ ಸುಮಾರು 316.2 ಮಾರು. 499ರ ‘ಆರ್ಯಭಟೀಯ’ದಲ್ಲಿ 20,000 ವ್ಯಾಸಕ್ಕೆ 62,832 ಪರಿಧಿಯೆಂಬ, ಇವೆರಡಕ್ಕಿಂತ ನಿಖರವಾದ ಮಾನವಿದೆ; ಅದರಂತೆ ಉತ್ತರ 314.16 ಮಾರು. ಮಹಾವೀರ ಜೈನ ಪರಂಪರೆಯಲ್ಲಿ ರೂಢವಾಗಿದ್ದ ಹತ್ತರ ವರ್ಗಮೂಲವನ್ನೇ ಉಳಿಸಿಕೊಂಡ. ಪರಿಭಾಷೆಯಂತೆ ಮಾನವೂ ಪರಂಪರೆಯನ್ನು ಅನುಸರಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

3. ಛಂದಸ್ಸಿನಲ್ಲಿ

ಇದೇ ನೃಪತುಂಗನ ಆಸ್ಥಾನದಲ್ಲಿ, ಇದೇ ಕಾಲಕ್ಕೆ, ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವೂ ಹುಟ್ಟಿತು. ಅದರಲ್ಲಿ ಶ್ರೀವಿಜಯ ಬೆದಂಡೆ, ಚತ್ತಾಣ ಎಂಬ ಕಾವ್ಯಪ್ರಕಾರಗಳ ಲಕ್ಷಣ ಹೇಳುವಾಗ ‘ವೃತ್ತ’ದ ಪ್ರಸ್ತಾಪ ಬರುತ್ತದೆ. ಅಲ್ಲಿ ಅದು ಕಂದ, ಅಕ್ಕರ, ಚೌಪದಿ, ಗೀತಿಕೆ, ತಿವದಿಗಳ ಜೊತೆಗೆ ನಿಲ್ಲುವ ಪದ್ಯರೂಪ. ಒಬ್ಬನೇ ಅರಸನ ಆಶ್ರಯದಲ್ಲಿ ಒಬ್ಬ ಆಚಾರ್ಯ ‘ವೃತ್ತ’ದ ವಿಸ್ತೀರ್ಣವನ್ನು ಲೆಕ್ಕ ಹಾಕುತ್ತಿದ್ದ, ಮತ್ತೊಬ್ಬ ‘ವೃತ್ತ’ವನ್ನು ಕಾವ್ಯದಲ್ಲಿ ಎಲ್ಲಿ ಸೇರಿಸಬೇಕೆಂದು ವಿಧಿಸುತ್ತಿದ್ದ. ಇಬ್ಬರಿಗೂ ಪದ ಒಂದೇ, ಪದಾರ್ಥ ಬೇರೆ. ಆದರೂ ಯಾರೂ ಗೊಂದಲಗೊಂಡಂತೆ ಕಾಣುವುದಿಲ್ಲ. ಪ್ರಕರಣವೇ ಅರ್ಥವನ್ನು ನಿರ್ಣಯಿಸುತ್ತಿತ್ತು.

ಪದ್ಯವನ್ನು ವೃತ್ತ, ಜಾತಿ ಎಂದು ಎರಡಾಗಿ ವಿಂಗಡಿಸುವ ಕ್ರಮ ದಂಡಿಯ ‘ಕಾವ್ಯಾದರ್ಶ’ದಲ್ಲಿದೆ. ಅಕ್ಷರಗಳ ಸಂಖ್ಯೆ ಮತ್ತು ಗುರುಲಘುಗಳ ಸ್ಥಾನ ನಿಯತವಾಗಿರುವುದು ವೃತ್ತ. ಮಾತ್ರೆಗಳ ಎಣಿಕೆಯಿಂದ ನಡೆಯುವುದು ಜಾತಿ. ಕನ್ನಡದಲ್ಲಿ ಸುಮಾರು 990ರ ನಾಗವರ್ಮನ ‘ಛಂದೋಂಬುಧಿ’ ವೃತ್ತಗಳ ಲಕ್ಷಣವನ್ನು ವಿವರವಾಗಿ ಹೇಳಿತು. ಚಂಪೂಕವಿಗಳು ಹೆಚ್ಚಾಗಿ ಒಲಿದ ಆರು ವೃತ್ತಗಳು ‘ಖ್ಯಾತ ಕರ್ನಾಟಕ’ಗಳೆಂದು ಹೆಸರಾದವು. ಪಾದವೊಂದಕ್ಕೆ ಶಾರ್ದೂಲವಿಕ್ರೀಡಿತದಲ್ಲಿ 19, ಉತ್ಪಲಮಾಲೆ ಮತ್ತು ಮತ್ತೇಭವಿಕ್ರೀಡಿತಗಳಲ್ಲಿ 20, ಚಂಪಕಮಾಲೆ ಮತ್ತು ಸ್ರಗ್ಧರೆಗಳಲ್ಲಿ 21, ಮಹಾಸ್ರಗ್ಧರೆಯಲ್ಲಿ 22 ಅಕ್ಷರಗಳು.

ಪದ್ಯಕ್ಕೆ ಈ ಹೆಸರು ಏಕೆ ಬಂತು? ಪದ್ಯದ ನಾಲ್ಕು ಪಾದಗಳು ಒಂದು ದುಂಡನ್ನು ಪೂರ್ಣಗೊಳಿಸುವುದರಿಂದ ಅದು ವೃತ್ತ ಎಂಬ ವಿವರಣೆ ಕೆಲವೊಮ್ಮೆ ಕೇಳಿಬರುತ್ತದೆ. ಅದು ರೇಖಾಗಣಿತದ ಅರ್ಥವನ್ನು ಮೊದಲಿನದೆಂದು ಭಾವಿಸಿ ಆಮೇಲೆ ಛಂದಸ್ಸಿಗೆ ಹೊಂದಿಸಿದ ವಿವರಣೆ. ಧಾತ್ವರ್ಥದ ಕಡೆಯಿಂದ ನೋಡಿದರೆ ಇಷ್ಟು ದೂರ ಹೋಗಬೇಕಾಗಿಲ್ಲ. ‘ವೃತ್’ ಎಂದರೆ ನಡೆ. ಗುರುಲಘುಗಳ ಗೊತ್ತಾದ ನಡೆಯೇ ವೃತ್ತ. ಆ ನಡೆ ಪಾದಪಾದಕ್ಕೂ ಮರಳಿ ಬರುತ್ತದೆ. ಲ್ಯಾಟಿನ್ನಿನಲ್ಲಿ ಪದ್ಯದ ಸಾಲಿಗೆ ‘ವೆರ್ಸುಸ್’ ಎಂದು ಹೆಸರು. ತಿರುಗು ಎಂಬ ಅರ್ಥದ ‘ವೆರ್ತೆರೆ’ ಎಂಬ ಕ್ರಿಯಾಪದದಿಂದ ಬಂದ ಆ ಮಾತಿಗೆ ನೇಗಿಲಸಾಲು ಎಂಬ ಅರ್ಥವೂ ಇತ್ತು. ಇಂಗ್ಲಿಷಿನ ‘ವರ್ಸ್’ ಅದರಿಂದಲೇ ಹುಟ್ಟಿತು. ‘ವೆರ್ತೆರೆ’ಯೂ ‘ವೃತ್’ ಧಾತುವೂ ಒಂದೇ ಇಂಡೋ-ಯುರೋಪಿಯನ್ ಮೂಲದವು. ಆದ್ದರಿಂದ ‘ವರ್ಸ್’ ಮತ್ತು ‘ವೃತ್ತ’ ಒಂದೇ ಬೇರಿನ ಎರಡು ಕೊಂಬೆಗಳು. ಹೊಲದ ಕೊನೆ ಮುಟ್ಟಿದ ನೇಗಿಲು ಹಿಂದಿರುಗಿ ಹೊಸ ಸಾಲು ಹಿಡಿಯುವುದಕ್ಕೂ, ಪಾದ ಮುಗಿದಲ್ಲಿ ಅದೇ ನಡೆ ಮತ್ತೆ ಮೊದಲಾಗುವುದಕ್ಕೂ ಇರುವ ಹೋಲಿಕೆ ಸ್ಪಷ್ಟ. ಇಲ್ಲಿ ತಿರುಗುವಿಕೆ ಇದೆ, ದುಂಡು ಇಲ್ಲ.

ಛಂದಸ್ಸನ್ನು ನಿಜವಾಗಿಯೂ ದುಂಡಿನಲ್ಲಿ ಬರೆದು ತೋರಿಸಿದ ಪರಂಪರೆ ಬೇರೊಂದಿದೆ. 8ನೆಯ ಶತಮಾನದ ಅರಬ್ಬಿ ಲಾಕ್ಷಣಿಕ ಅಲ್ ಖಲೀಲ್ ತನ್ನ ಭಾಷೆಯ ಛಂದೋರೂಪಗಳನ್ನು ಐದು ‘ದಾಯಿರಾ’ಗಳಲ್ಲಿ, ಎಂದರೆ ಚಕ್ರಗಳಲ್ಲಿ, ಹಂಚಿದ. ಒಂದೇ ಚಕ್ರದ ಬೇರೆ ಬೇರೆ ಬಿಂದುಗಳಿಂದ ಎಣಿಕೆಯನ್ನು ಆರಂಭಿಸಿದರೆ ಬೇರೆ ಬೇರೆ ಛಂದಸ್ಸುಗಳು ದೊರೆಯುತ್ತವೆ. ಅಲ್ಲಿ ರೇಖಾಗಣಿತದ ಆಕೃತಿಯೇ ಛಂದಶ್ಶಾಸ್ತ್ರದ ಉಪಕರಣ. ಸಂಸ್ಕೃತ ಮತ್ತು ಕನ್ನಡದ ವೃತ್ತಗಳ ಹಿಂದೆ ಅಂಥ ಆಕೃತಿಯಿಲ್ಲ. ಹೆಸರಿನ ಸಾಮ್ಯದಿಂದ ರಚನೆಯ ಸಾಮ್ಯವನ್ನು ಊಹಿಸಬಾರದೆಂಬುದನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ.

4. ಎರಡು ಶಾಸ್ತ್ರಗಳ ಸಂಧಿ

ಹಾಗಾದರೆ ಗಣಿತದ ವೃತ್ತಕ್ಕೂ ಛಂದಸ್ಸಿನ ವೃತ್ತಕ್ಕೂ ಧಾತುವನ್ನು ಬಿಟ್ಟರೆ ಬೇರೆ ಸಂಬಂಧವೇ ಇಲ್ಲವೇ? ಆಕಾರದಲ್ಲಿ ಇಲ್ಲ, ವರ್ಗೀಕರಣದ ವಿಧಾನದಲ್ಲಿ ಇದೆ. ಛಂದಶ್ಶಾಸ್ತ್ರ ವೃತ್ತಗಳನ್ನು ಸಮ, ಅರ್ಧಸಮ, ವಿಷಮ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಾಲ್ಕು ಪಾದಗಳೂ ಒಂದೇ ಲಕ್ಷಣದವಾದರೆ ಸಮವೃತ್ತ. ಒಂದು ಮತ್ತು ಮೂರನೆಯ ಪಾದಗಳು ಒಂದು ಬಗೆ, ಎರಡು ಮತ್ತು ನಾಲ್ಕನೆಯವು ಮತ್ತೊಂದು ಬಗೆಯಾದರೆ ಅರ್ಧಸಮ. ಉಳಿದುದು ವಿಷಮ. ಮಹಾವೀರನ ಎಂಟು ವೃತ್ತಗಳಲ್ಲಿ ಮೊದಲನೆಯದೂ ‘ಸಮವೃತ್ತ’ವೇ. ಅಲ್ಲಿ ಸಮತ್ವವೆಂದರೆ ಕೇಂದ್ರದಿಂದ ಅಂಚಿಗೆ ಎಲ್ಲ ಕಡೆಯೂ ಒಂದೇ ದೂರ; ಇಲ್ಲಿ ಸಮತ್ವವೆಂದರೆ ಪಾದಪಾದಕ್ಕೂ ಒಂದೇ ವಿನ್ಯಾಸ. ಎರಡೂ ಶಾಸ್ತ್ರಗಳಲ್ಲಿ ‘ವೃತ್ತ’ ಕುಲವಾಚಕ, ‘ಸಮ’ ಎಂಬ ವಿಶೇಷಣ ಅದನ್ನು ನಿಶ್ಚಿತಗೊಳಿಸುವ ಲಕ್ಷಣ. ಪರಿಭಾಷೆಗೆ ಖಚಿತತೆ ಬಂದುದು ಮೂಲಪದದಿಂದಲ್ಲ, ಅದಕ್ಕೆ ಆಯಾ ಶಾಸ್ತ್ರ ಕೂಡಿಸಿದ ವಿಶೇಷಣ ಮತ್ತು ಲಕ್ಷಣವಾಕ್ಯಗಳಿಂದ. ಪ್ರಾಚೀನ ಶಾಸ್ತ್ರಕಾರರ ಈ ಎಚ್ಚರ ಇಂದಿನವರಿಗೂ ಮಾದರಿ.

ಎರಡು ಅರ್ಥಗಳೂ ಒಂದೇ ಗ್ರಂಥದಲ್ಲಿ ಪರಸ್ಪರ ಬಾಧಕವಾಗದೆ ನಿಂತಿರುವ ನಿದರ್ಶನ 1150ರ ಸುಮಾರಿಗೆ ರಚಿತವಾದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿದೆ. ಕ್ಷೇತ್ರವ್ಯವಹಾರದಲ್ಲಿ ಅವನು ವೃತ್ತಕ್ಷೇತ್ರದ ಪರಿಧಿಗೆ ಎರಡು ಮಾನಗಳನ್ನು ಕೊಡುತ್ತಾನೆ: ಸೂಕ್ಷ್ಮಕ್ಕೆ ವ್ಯಾಸದ 1250ಕ್ಕೆ 3927, ಸ್ಥೂಲಕ್ಕೆ 7ಕ್ಕೆ 22. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ವಿಸ್ತೀರ್ಣ. ಇದೇ ಗ್ರಂಥದ ಬೇರೊಂದು ಪ್ರಕರಣದಲ್ಲಿ ಅನುಷ್ಟುಪ್ ಛಂದಸ್ಸಿನಲ್ಲಿ ಸಮ, ಅರ್ಧಸಮ, ವಿಷಮ ವೃತ್ತಗಳು ತಲಾ ಎಷ್ಟು ಸಾಧ್ಯವೆಂಬ ಪ್ರಶ್ನೆಯಿದೆ. ಪಾದಕ್ಕೆ ಎಂಟು ಅಕ್ಷರ; ಪ್ರತಿಯೊಂದೂ ಗುರು ಅಥವಾ ಲಘು. ಎರಡನ್ನು ಎಂಟು ಸಲ ಗುಣಿಸಿದರೆ 256, ಸಮವೃತ್ತಗಳು ಅಷ್ಟು. 256ರ ವರ್ಗದಿಂದ 256ನ್ನು ಕಳೆದರೆ ಅರ್ಧಸಮಗಳು 65,280. 65,536ರ ವರ್ಗದಿಂದ 65,536ನ್ನು ಕಳೆದರೆ ವಿಷಮಗಳು 4,29,49,01,760. ಛಂದಸ್ಸಿನ ವೃತ್ತ ಇಲ್ಲಿ ಗಣಿತದ ವಿಷಯವೇ ಆಗಿದೆ. ಆದರೆ ಅದು ರೇಖಾಗಣಿತಕ್ಕೆ ಸೇರಿದ್ದಲ್ಲ, ಸಂಖ್ಯಾವಿನ್ಯಾಸದ ಗಣಿತಕ್ಕೆ ಸೇರಿದ್ದು. ಮಹಾವೀರನೂ ತನ್ನ ಗ್ರಂಥದಲ್ಲಿ ಛಂದಸ್ಸಿನ ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಪ್ರತ್ಯಯಗಳಿಗೆ ಸೂತ್ರಗಳನ್ನು ಕೊಟ್ಟಿದ್ದಾನೆ.

ಈ ಲೆಕ್ಕದಿಂದ ಕನ್ನಡ ಕಾವ್ಯಾಭ್ಯಾಸಿಗೆ ಒಂದು ಪ್ರಯೋಜನವಿದೆ. 20 ಅಕ್ಷರಗಳ ಪಾದವುಳ್ಳ ‘ಕೃತಿ’ ಛಂದಸ್ಸಿನಲ್ಲಿ ಸಾಧ್ಯವಿರುವ ಸಮವೃತ್ತಗಳು 10,48,576. ಒಂದಕ್ಷರದ ‘ಉಕ್ತಾ’ದಿಂದ 26 ಅಕ್ಷರಗಳ ‘ಉತ್ಕೃತಿ’ಯವರೆಗಿನ ಎಲ್ಲ ಸಮವೃತ್ತಗಳ ಮೊತ್ತ 13,42,17,726. ಇಷ್ಟು ಸಾಧ್ಯತೆಗಳ ನಡುವೆ ಚಂಪೂಕವಿಗಳ ಕಿವಿ ಆರಿಸಿಕೊಂಡು ಮೆರೆಸಿದ್ದು ಮುಖ್ಯವಾಗಿ ಆರನ್ನು. ಶಾಸ್ತ್ರ ಸಾಧ್ಯತೆಯನ್ನು ಎಣಿಸುತ್ತದೆ, ಕಾವ್ಯ ಅದರಲ್ಲಿ ಆಯ್ಕೆ ಮಾಡುತ್ತದೆ.

5. ಶಾಸನದಿಂದ ಕಚೇರಿಯವರೆಗೆ

ಶಾಸನಗಳ ಪಾಠಗಳಲ್ಲಿ ಪದ್ಯದ ಹಿಂದೆ ‘ವೃ’ ಎಂಬ ಸಂಕೇತ ಬರುವುದುಂಟು. ಮುಂದೆ ಬರುವುದು ವೃತ್ತವೆಂದು ಅದರ ಸೂಚನೆ. ಅಗ್ರಹಾರದ ದಾನಶಾಸನವಾದರೆ ಅದೇ ಕಲ್ಲಿನಲ್ಲಿ ‘ವೃತ್ತಿ’ ಎಂಬ ಮಾತೂ ಇರಬಹುದು. ಅದು ಬ್ರಾಹ್ಮಣರಿಗೆ ಜೀವನೋಪಾಯವಾಗಿ ಹಂಚಿಕೊಟ್ಟ ಭೂಮಿಯ ಪಾಲು. ಇದೇ ‘ವೃತ್ತಿ’ ವ್ಯಾಕರಣದಲ್ಲಿ ಸೂತ್ರದ ವಿವರಣೆ, ನಾಟ್ಯದಲ್ಲಿ ಕೈಶಿಕೀ ಮೊದಲಾದ ಶೈಲಿ, ಇಂದಿನ ಮಾತಿನಲ್ಲಿ ಉದ್ಯೋಗ. ಧಾತು ಒಂದಾದರೂ ಪ್ರತ್ಯಯ ಬೇರೆ; ‘ವೃತ್ತ’ಕ್ಕೂ ‘ವೃತ್ತಿ’ಗೂ ಗಂಟು ಹಾಕಬಾರದು. ‘ನಡೆದದ್ದು’ ಎಂಬ ಅರ್ಥದ ಕವಲು ‘ವೃತ್ತಾಂತ’ದಲ್ಲಿ ಉಳಿದು ಬಂದಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನಿಂದ ಹೊರಟ ‘ವೃತ್ತಾಂತ ಚಿಂತಾಮಣಿ’, ‘ವೃತ್ತಾಂತ ಪತ್ರಿಕೆ’ಗಳ ಹೆಸರುಗಳಲ್ಲಿ ಕಾಣುವುದು ಅದೇ.

ಆಡಳಿತದಲ್ಲಿ ದುಂಡಿನ ಹೆಸರನ್ನು ಪ್ರದೇಶಕ್ಕೆ ಇಡುವುದು ಹೊಸದಲ್ಲ. ಹಿಂದೆ ಆ ಕೆಲಸ ಮಾಡಿದ್ದು ಶುಲ್ಬಸೂತ್ರಗಳ ಕಾಲದ ಹಳೆಯ ಪದವಾದ ‘ಮಂಡಲ’. ಮಂಡಲೇಶ್ವರ, ಮಹಾಮಂಡಲೇಶ್ವರ ಎಂಬ ಬಿರುದುಗಳಲ್ಲಿಯೂ, ಕರ್ನಾಟಕದ 1983ರ ಅಧಿನಿಯಮದಿಂದ ಏರ್ಪಟ್ಟು ಮುಂದೆ ರದ್ದಾದ ಮಂಡಲ ಪಂಚಾಯತಿಗಳ ಹೆಸರಿನಲ್ಲಿಯೂ ಅದು ಕಾಣುತ್ತದೆ. ‘ವೃತ್ತ’ಕ್ಕೆ ಆಡಳಿತದ ಅರ್ಥ ಬಂದ ದಾರಿ ಬೇರೆ. ಬ್ರಿಟಿಷ್ ಆಡಳಿತದಲ್ಲಿ ಪೊಲೀಸ್, ಅರಣ್ಯ, ಅಂಚೆ ಇಲಾಖೆಗಳ ಕಾರ್ಯವ್ಯಾಪ್ತಿಯನ್ನು ‘ಸರ್ಕಲ್’ ಎಂದು ಕರೆಯಲಾಗುತ್ತಿತ್ತು. ಕನ್ನಡ ಆಡಳಿತಭಾಷೆಯಾದಾಗ ರೇಖಾಗಣಿತದಲ್ಲಿ ‘ಸರ್ಕಲ್’ಗೆ ಸಮನಾದ ಪದವನ್ನೇ ಇಲ್ಲಿಗೂ ತಂದು ವೃತ್ತ ನಿರೀಕ್ಷಕ, ಅರಣ್ಯ ವೃತ್ತ, ಅಂಚೆ ವೃತ್ತ ಎಂಬ ಮಾತುಗಳನ್ನು ಮಾಡಿಕೊಳ್ಳಲಾಯಿತು. ಈ ಅರ್ಥ ‘ವೃತ್’ ಧಾತುವಿನಿಂದ ಬೆಳೆದು ಬಂದುದಲ್ಲ. ಇಂಗ್ಲಿಷ್ ಪದದ ನೆರಳು. ರಸ್ತೆಗಳು ಕೂಡುವ ಸ್ಥಳಕ್ಕೆ ಬಂದ ಹೆಸರೂ ಹಾಗೆಯೇ. ಮೊದಲು ನಡುವೆ ದುಂಡುಕಟ್ಟೆಯಿದ್ದ ಜಾಗಕ್ಕೆ ಸಲ್ಲುತ್ತಿದ್ದ ಮಾತು ಆಮೇಲೆ ದುಂಡಿಲ್ಲದ ಚೌಕಕ್ಕೂ ಹಬ್ಬಿತು. ಹೆಸರು ಫಲಕದಲ್ಲಿ ವೃತ್ತವಾದರೂ ಜನರ ಬಾಯಲ್ಲಿ ‘ಸರ್ಕಲ್ಲೇ’ ಉಳಿದಿದೆ. ಮುಂಬಯಿಯ ಮಾಟುಂಗಾದ ಕನ್ನಡಿಗರಿಗೂ ‘ಕಿಂಗ್ಸ್ ಸರ್ಕಲ್’ ಎಂಬುದು ಊರಿನ ಭಾಗದ ಹೆಸರೇ ಹೊರತು ಆಕೃತಿಯ ಹೆಸರಲ್ಲ.

ಇದೇ ಇಂಗ್ಲಿಷ್ ಮೂಲದ ‘ಸರ್ಕ್ಯುಲರ್’ ಎಂಬ ಕಚೇರಿ ಪತ್ರಕ್ಕೆ ಕನ್ನಡ ಹಿಡಿದ ದಾರಿ ಇನ್ನೊಂದು. ಅದಕ್ಕೆ ‘ಸುತ್ತೋಲೆ’ ಎಂಬ ಹೆಸರು ಬಂತು: ಕೈಯಿಂದ ಕೈಗೆ, ಕಚೇರಿಯಿಂದ ಕಚೇರಿಗೆ ಸುತ್ತುವ ಓಲೆ. ಇಲ್ಲಿ ಪದಕ್ಕೆ ಬದಲು ಪದವನ್ನಿಡದೆ ವಸ್ತು ಮಾಡುವ ಕೆಲಸವನ್ನು ನೋಡಿ ಹೆಸರಿಡಲಾಗಿದೆ. ವಿದ್ಯುತ್ತಿನ ‘ಸರ್ಕ್ಯುಟ್’ ‘ವಿದ್ಯುನ್ಮಂಡಲ’ವಾಯಿತು, ರಕ್ತದ ‘ಸರ್ಕ್ಯುಲೇಷನ್’ ‘ಪರಿಚಲನೆ’ಯಾಯಿತು, ಪತ್ರಿಕೆಯದು ‘ಪ್ರಸಾರ’ವಾಯಿತು. ಈ ನಾಲ್ಕನ್ನೂ ‘ವೃತ್ತ’ಕ್ಕೇ ಕಟ್ಟಿಹಾಕಿದ್ದರೆ ಆಗುತ್ತಿದ್ದ ತೊಡಕು ಊಹಿಸಿಕೊಳ್ಳುವಂಥದು. ‘ಸುತ್ತೋಲೆ’ ಓದಿದೊಡನೆ ಅರ್ಥವಾಗುತ್ತದೆ. ‘ವೃತ್ತ ನಿರೀಕ್ಷಕ’ ಅರ್ಥವಾಗಬೇಕಾದರೆ ಹಿಂದಿನ ಇಂಗ್ಲಿಷ್ ಮಾತು ಗೊತ್ತಿರಬೇಕು.

6. ನೆರೆನುಡಿಗಳಲ್ಲಿ

ಮರಾಠಿ ಅಮರಕೋಶದ ಪರ್ಯಾಯಗಳಲ್ಲಿ ಬೇರೊಂದನ್ನು ಆರಿಸಿಕೊಂಡಿತು. ಅಲ್ಲಿ ಶಾಲೆಯ ರೇಖಾಗಣಿತದ ಆಕೃತಿ ‘ವರ್ತುಳ’. ‘ವೃತ್ತ’ವೆಂದರೆ ಪದ್ಯದ ಛಂದಸ್ಸು ಅಥವಾ ಸುದ್ದಿ, ‘ವೃತ್ತಪತ್ರ’ ದಿನಪತ್ರಿಕೆ. ಛಂದಸ್ಸಿನಲ್ಲಿಯೂ ವ್ಯತ್ಯಾಸವಿದೆ. ಮರಾಠಿಯಲ್ಲಿ ‘ಮಾತ್ರಾವೃತ್ತ’ ಎಂಬ ಮಾತು ರೂಢವಾಗಿದೆ; ವೃತ್ತವನ್ನು ಅಕ್ಷರಗಣಕ್ಕೆ ಮೀಸಲಿಡುವ ಕನ್ನಡದ ಕ್ರಮದಲ್ಲಿ ಅದು ವಿರೋಧಾಭಾಸದಂತೆ ಕೇಳಿಸುತ್ತದೆ. ಮತ್ತೂ ವಿಶೇಷವೆಂದರೆ ಭೂಗೋಳದಲ್ಲಿ ಮರಾಠಿ ‘ವಿಷುವವೃತ್ತ’, ‘ಕರ್ಕವೃತ್ತ’, ‘ಅಕ್ಷವೃತ್ತ’ಗಳನ್ನು ಉಳಿಸಿಕೊಂಡಿದೆ. ಗಣಿತದ ತರಗತಿಯಲ್ಲಿ ಬಿಟ್ಟುಕೊಟ್ಟ ಪದವನ್ನು ಭೂಗೋಳದ ತರಗತಿ ಹಿಡಿದಿಟ್ಟುಕೊಂಡಿತು. ಮುಂಬಯಿ, ಪುಣೆಗಳ ಕನ್ನಡ ವಿದ್ಯಾರ್ಥಿ ಈ ಎರಡು ವ್ಯವಸ್ಥೆಗಳ ನಡುವೆ ದಿನವೂ ಹಾದುಹೋಗುತ್ತಾನೆ.

ತಮಿಳಿನಲ್ಲಿ ಎರಡು ಅರ್ಥಗಳಿಗೆ ಎರಡು ರೂಪಗಳಿವೆ. ಆಕೃತಿ ‘ವಟ್ಟಂ’, ಪದ್ಯರೂಪ ‘ವಿರುತ್ತಂ’. ತಾಲ್ಲೂಕಿಗೂ ‘ವಟ್ಟಂ’ ಎಂದೇ ಹೆಸರು, ತಹಸೀಲ್ದಾರ ‘ವಟ್ಟಾಟ್ಚಿಯರ್’. ಸಂಗೀತ ಕಚೇರಿಯಲ್ಲಿ ತಾಳವಿಲ್ಲದೆ ಹಾಡುವ ಪದ್ಯವೂ ‘ವಿರುತ್ತಂ’. ಆದರೆ ತಮಿಳಿನ ವಿರುತ್ತ ಗುರುಲಘುಗಳ ಅಕ್ಷರಗಣಗಳಿಂದ ಕಟ್ಟಿದ್ದಲ್ಲ, ‘ಶೀರ್’ ಎಂಬ ತಮಿಳು ಗಣಗಳಿಂದ ಕಟ್ಟಿದ್ದು. ಹೆಸರು ಒಂದಾದ ಮಾತ್ರಕ್ಕೆ ರಚನೆ ಒಂದಾಗಲಿಲ್ಲ. ಪ್ರಾಕೃತದಲ್ಲಿ ‘ವೃತ್ತ’ದ ರೂಪ ‘ವಟ್ಟ’. ಹಳಗನ್ನಡದಲ್ಲಿ ದುಂಡು ಎಂಬ ಅರ್ಥದ ‘ಬಟ್ಟ’ವನ್ನು ಅದರ ತದ್ಭವವೆಂದು ಗುರುತಿಸಲಾಗಿದೆ. ಗಮನಿಸಬೇಕಾದುದೆಂದರೆ ಜನರ ಬಾಯಲ್ಲಿ ಸವೆದ ತದ್ಭವ ದುಂಡುತನವನ್ನು ಮಾತ್ರ ಹೊತ್ತು ತಂದಿತು. ಛಂದಸ್ಸಿನ ಅರ್ಥ ಪಂಡಿತರ ತತ್ಸಮದಲ್ಲಿಯೇ ನಿಂತಿತು.

ತೆಲುಗು ಕನ್ನಡಕ್ಕೆ ಎಲ್ಲಕ್ಕಿಂತ ಹತ್ತಿರ. ಆಕೃತಿಗೂ ಛಂದಸ್ಸಿಗೂ ಅಲ್ಲಿ ‘ವೃತ್ತಮು’ ಒಂದೇ ಪದ. ಉತ್ಪಲಮಾಲೆ, ಚಂಪಕಮಾಲೆಗಳೂ ಎರಡು ಸಾಹಿತ್ಯಗಳಿಗೆ ಸಮಾನ ಸಂಪತ್ತು. ಹಿಂದಿಯಲ್ಲಿ ರೇಖಾಗಣಿತದ ‘ವೃತ್ತ’ ಕನ್ನಡದಂತೆಯೇ ಇದ್ದರೂ ‘ವೃತ್ತಚಿತ್ರ’ ಎಂದರೆ ಕನ್ನಡದ ಸಾಕ್ಷ್ಯಚಿತ್ರ. ಅಲ್ಲಿ ಎಚ್ಚತ್ತಿರುವುದು ‘ನಡೆದದ್ದು’ ಎಂಬ ಅರ್ಥ. ಪೊಲೀಸ್ ‘ಸರ್ಕಲ್ ಆಫೀಸರ್’ ರಾಜಸ್ಥಾನದಲ್ಲಿ ‘ವೃತ್ತಾಧಿಕಾರಿ’, ಉತ್ತರಪ್ರದೇಶದಲ್ಲಿ ‘ಕ್ಷೇತ್ರಾಧಿಕಾರಿ’. ಒಂದೇ ಭಾಷೆಯನ್ನಾಡುವ ಎರಡು ರಾಜ್ಯಗಳಲ್ಲಿ ಒಂದು ಇಂಗ್ಲಿಷ್ ಪದದ ಆಕೃತಿಯನ್ನು ಅನುವಾದಿಸಿತು, ಮತ್ತೊಂದು ಅದರ ಆಶಯವನ್ನು.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ವಿಶದವಾಗುತ್ತವೆ. ಮೊದಲನೆಯದಾಗಿ, ‘ವೃತ್ತ’ದ ಅರ್ಥಗಳೆಲ್ಲ ಒಂದೇ ಬಗೆಯಲ್ಲಿ ಹುಟ್ಟಿದವಲ್ಲ. ದುಂಡು, ನಡತೆ, ಸಂಗತಿ, ಛಂದಸ್ಸು ಇವು ಧಾತುವಿನಿಂದ ಕವಲೊಡೆದವು. ಪೊಲೀಸ್ ವೃತ್ತ, ರಸ್ತೆಯ ವೃತ್ತಗಳು ಮತ್ತೊಂದು ಭಾಷೆಯ ಪದವನ್ನು ಹಿಂಬಾಲಿಸಿ ಬಂದವು. ನಿಘಂಟಿನಲ್ಲಿ ಇವುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ ಪದದ ಚರಿತ್ರೆ ಮರೆಯಾಗುತ್ತದೆ. ಕ್ಷೇತ್ರ ಮತ್ತು ಕಾಲದ ಸೂಚನೆಯೊಡನೆ ಅವನ್ನು ಬೇರ್ಪಡಿಸಿ ಕೊಡುವುದು ಅವಶ್ಯ.

ಎರಡನೆಯದಾಗಿ, ಹಳೆಯ ಗ್ರಂಥವನ್ನು ಓದುವವನು ತನಗೆ ಪರಿಚಿತವಾದ ಅರ್ಥವೇ ಆ ಕಾಲದ ಅರ್ಥವೆಂದು ತಿಳಿಯಬಾರದು. ಮಹಾವೀರನ ಎಂಟು ವೃತ್ತಗಳನ್ನು ಇಂದಿನ ಪಠ್ಯಪುಸ್ತಕದ ಲಕ್ಷಣದಿಂದ ಅಳೆದರೆ ಏಳು ತಪ್ಪೆನಿಸುತ್ತವೆ. ಅವನ ಲಕ್ಷಣದಿಂದ ಅಳೆದರೆ ಎಂಟೂ ಸರಿ.

ಮೂರನೆಯದಾಗಿ, ಒಂದು ಪದಕ್ಕೆ ಹಲವು ಅರ್ಥಗಳಿರುವುದು ಭಾಷೆಯ ದೋಷವಲ್ಲ. ನೃಪತುಂಗನ ಕಾಲದಿಂದ ಎರಡು ಶಾಸ್ತ್ರಗಳು ಈ ಪದವನ್ನು ಹಂಚಿಕೊಂಡು ಬಾಳಿವೆ. ಲಕ್ಷಣವನ್ನು ಸ್ಪಷ್ಟವಾಗಿ ಹೇಳಿದಲ್ಲಿ ತೊಡಕಿಲ್ಲ. ಲಕ್ಷಣ ಹೇಳದೆ ಪದವನ್ನು ಮಾತ್ರ ಎರವಲು ತಂದಲ್ಲಿ ತೊಡಕು ತಪ್ಪದು. ಕನ್ನಡದಲ್ಲಿ ಇನ್ನೂ ಅಸಂಖ್ಯ ಪಾರಿಭಾಷಿಕ ಪದಗಳು ರೂಪುಗೊಳ್ಳಬೇಕಾಗಿವೆ. ಅವನ್ನು ರೂಪಿಸುವವರ ಮುಂದೆ ‘ವೃತ್ತ ನಿರೀಕ್ಷಕ’ದ ದಾರಿಯೂ ಇದೆ, ‘ಸುತ್ತೋಲೆ’ಯ ದಾರಿಯೂ ಇದೆ. ಮೊದಲನೆಯದು ಇದ್ದ ಪದದ ಮೇಲೆ ಹೊಸ ಹೊರೆ ಹೇರುತ್ತದೆ. ಎರಡನೆಯದು ವಸ್ತುವನ್ನು ನೋಡಿ ನುಡಿಯನ್ನು ಕಂಡುಕೊಳ್ಳುತ್ತದೆ. ಯಾವುದನ್ನು ಹಿಡಿದರೂ, ಹೆಸರಿಡುವ ಮುನ್ನ ಆ ಪದ ಇದುವರೆಗೆ ಯಾವ ಯಾವ ಶಾಸ್ತ್ರಗಳಲ್ಲಿ ಏನೇನು ಕೆಲಸ ಮಾಡಿಕೊಂಡು ಬಂದಿದೆಯೆಂಬುದನ್ನು ವಿಚಾರಿಸಿ ನೋಡುವುದು ಒಳ್ಳೆಯದು.